ಬಳ್ಳಾರಿ ಸೀಮೆಯ ಕಿರುತೆರೆ

ಗುಂತಕಲ್ಲಿನ ಕಡೆಯಿಂದ ರೈಲಿನಲ್ಲಿ ಬರುವವನಿಗಾಗಲಿ, ಹೊಸಪೇಟೆಯ ಕಡೆಯಿಂದ ಬಸ್ಸಿನಲ್ಲಿ ಬರುವವನಿಗಾಗಲಿ, ಬಳ್ಳಾರಿಯು ಊರಾಗಿ ಕಾಣುವುದಕ್ಕೆ ಮೊದಲು ಬೆಟ್ಟವಾಗಿ ಕಾಣುತ್ತದೆ. ಬಯಲಿನ ನಡುವೆ, ಹಸುರಿನ ಹಂಗಿಲ್ಲದೆ ಎದ್ದು ನಿಂತ ಆ ಹೆಬ್ಬಂಡೆಯ ನೆತ್ತಿಯ ಮೇಲೆ ಕೋಟೆ. ಅದರ ನೆರಳಿನಲ್ಲಿ ಪೇಟೆ. ಬೆಟ್ಟವನ್ನು ನೋಡಿ ಕಣ್ಣು ಕೆಳಗಿಳಿಸಿದ ಪ್ರಯಾಣಿಕನಿಗೆ ಎರಡನೆಯದಾಗಿ ಕಾಣುವುದು ಊರಿನ ಗೋಡೆಗಳು. ಸಿಮೆಂಟು, ಬಿತ್ತನೆಯ ಬೀಜ, ಮದುವೆಯ ಸೀರೆ, ಹೊಸ ಚಲನಚಿತ್ರ, ಪರೀಕ್ಷೆಯಲ್ಲಿ ಉತ್ತೀರ್ಣಗೊಳಿಸುವ ಪಾಠಶಾಲೆ – ಇವೆಲ್ಲವೂ ಗೋಡೆಗಳ ಮೇಲೆ ನಿಂತು ದಾರಿಹೋಕನನ್ನು ಕೂಗಿ ಕರೆಯುತ್ತವೆ. ಆ ಕೂಗು ಒಂದೇ ನುಡಿಯದಲ್ಲ. ಕನ್ನಡದ ಪಕ್ಕದಲ್ಲಿ ತೆಲುಗು ಉಂಟು. ಕೌಲ್ ಬಜಾರಿನ ಕಡೆಗೆ ನಡೆದರೆ ಉರ್ದು ಅಕ್ಷರಗಳೂ ಕಾಣಸಿಗುತ್ತವೆ. ೧೯೫೩ರ ಅಕ್ಟೋಬರ್ ೧ರಂದು ಮದರಾಸು ಪ್ರಾಂತ್ಯದಿಂದ ಬೇರ್ಪಟ್ಟು ಮೈಸೂರು ಸಂಸ್ಥಾನವನ್ನು ಸೇರಿದ ಜಿಲ್ಲೆ ಇದು. ಅದೇ ದಿನ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಗಡಿಯ ಗೆರೆ ನಕಾಶೆಯ ಮೇಲೆ ಬಿದ್ದಿತು. ಅಂಗಡಿಯ ಮಾತಿನಲ್ಲಿ ಬೀಳಲಿಲ್ಲ. ಮಾರುವವನು ಕೊಳ್ಳುವವನ ನುಡಿಯನ್ನು ಕಲಿಯುತ್ತಾನೆಂಬ ಹಳೆಯ ಸತ್ಯಕ್ಕೆ ಬಳ್ಳಾರಿಯ ಪೇಟೆಗಿಂತ ಉತ್ತಮ ಸಾಕ್ಷಿ ಬೇಕಿಲ್ಲ.

ಇಂಥ ಊರಿನಲ್ಲಿ ಇಂದು ಎಲ್ಲ ಗೋಡೆಗಳಿಗಿಂತಲೂ ಹೆಚ್ಚು ಮಾತನಾಡುವ ಗೋಡೆಯೊಂದುಂಟು. ಅದು ಮನೆಯ ಹೊರಗಿಲ್ಲ, ಒಳಗಿದೆ. ನಡುಮನೆಯಲ್ಲಿ, ದೇವರ ಪಟಕ್ಕೆ ಸಮೀಪದಲ್ಲಿ. ಟೆಲಿವಿಷನ್ನಿನ ಕತೆಯನ್ನು ಸಾಮಾನ್ಯವಾಗಿ ದೆಹಲಿ, ಮುಂಬಯಿ, ಬೆಂಗಳೂರುಗಳಿಂದ ಹೇಳುವುದು ವಾಡಿಕೆ. ಆದರೆ ಬಳ್ಳಾರಿಯಿಂದ ಕುರುಗೋಡು, ಅಲ್ಲಿಂದ ಸಿರುಗುಪ್ಪ – ಹೀಗೆ ಉತ್ತರಕ್ಕೆ ತುಂಗಭದ್ರೆಯ ದಡದವರೆಗೆ ಹೋಗುವ ದಾರಿಯಲ್ಲಿಯೂ ಆ ಕತೆಯನ್ನು ಓದಬಹುದು. ಆ ದಾರಿಯ ಕೊನೆಯಲ್ಲಿ ಅಮೆರಿಕವೂ ಭಾರತವೂ ಒಂದು ವರ್ಷದ ಮಟ್ಟಿಗೆ ಒಂದೇ ಪರದೆಯ ಮೇಲೆ ಸಂಧಿಸಿದ್ದವು.

ಅಮೆರಿಕ ಬಳ್ಳಾರಿಗೆ ಅಪರಿಚಿತವಾದ ದೇಶವೇನಲ್ಲ. ಮುಂಡರಗಿಯ ಕೈಗಾರಿಕಾ ಪ್ರದೇಶದಲ್ಲಿಯೂ ಊರಿನ ಅನೇಕ ಗಲ್ಲಿಗಳಲ್ಲಿಯೂ ಹೊಲಿಗೆಯ ಯಂತ್ರಗಳ ಸದ್ದು ಕೇಳುತ್ತದೆ. ಅಲ್ಲಿ ಸಿದ್ಧವಾಗುವುದು ಜೀನ್ಸ್ ಎಂಬ ದಪ್ಪ ನೀಲಿ ಬಟ್ಟೆಯ ಷರಾಯಿ. ಅದರ ಮೂಲಪುರುಷರು ಅಮೆರಿಕದ ಲೆವೈ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ ಎಂಬ ವರ್ತಕ–ದರ್ಜಿಗಳು. ಜೇಬಿನ ಮೂಲೆಗಳಿಗೆ ತಾಮ್ರದ ಗುಬ್ಬಿ ಹೊಡೆಯುವ ಉಪಾಯಕ್ಕೆ ಅವರು ೧೮೭೩ರ ಮೇ ೨೦ರಂದು ಹಕ್ಕುಪತ್ರ ಪಡೆದರು. ಅಲ್ಲಿಯ ಕೂಲಿಕಾರರ ಉಡುಪು ಚಲನಚಿತ್ರದಿಂದ, ಪತ್ರಿಕೆಯಿಂದ, ಟೆಲಿವಿಷನ್ನಿನ ಜಾಹೀರಾತಿನಿಂದ ಲೋಕದ ತರುಣರೆಲ್ಲರ ಉಡುಪಾಯಿತು. ಬಳ್ಳಾರಿಯ ನೂರಾರು ಸಣ್ಣ ಘಟಕಗಳು ಆ ಆಸೆಗೆ ಬಟ್ಟೆ ಹೊಲಿಯುತ್ತವೆ. ಹೊಲಿಯುವವರ ಹೆಸರನ್ನು ಪರದೆಯ ಮೇಲೆ ಕಂಡವರಿಲ್ಲ. ಆಸೆಯನ್ನು ಹುಟ್ಟಿಸುವ ಕೆಲಸಕ್ಕೂ ಅದನ್ನು ಪೂರೈಸುವ ಕೆಲಸಕ್ಕೂ ನಡುವೆ ಇರುವ ದೂರವನ್ನು ತಿಳಿಯಬಯಸುವವರು ಈ ಗಲ್ಲಿಗಳಲ್ಲಿ ಒಂದು ಸುತ್ತು ಬಂದರೆ ಸಾಕು.

ಅಮೆರಿಕದ ಟೆಲಿವಿಷನ್ ಹುಟ್ಟಿದ್ದೇ ಪೇಟೆಯಲ್ಲಿ. ೧೯೪೧ರ ಜುಲೈ ೧ರಂದು ನ್ಯೂಯಾರ್ಕಿನ ಕೇಂದ್ರವೊಂದು ಬೇಸ್‌ಬಾಲ್ ಪಂದ್ಯವೊಂದರ ಪ್ರಸಾರಕ್ಕೆ ಮುನ್ನ ಬುಲೋವಾ ಎಂಬ ಕೈಗಡಿಯಾರದ ಚಿತ್ರವನ್ನು ಕೆಲವು ಕ್ಷಣಗಳ ಕಾಲ ತೋರಿಸಿತು. ಆ ದೇಶದ ಮೊದಲ ಅಧಿಕೃತ ಟೆಲಿವಿಷನ್ ಜಾಹೀರಾತು ಅದೇ. ಅದಕ್ಕೆ ಕಂಪನಿ ತೆತ್ತುದು ೯ ಡಾಲರು. ಟೆಲಿವಿಷನ್ ನೋಡುವುದಕ್ಕೆಂದು ಸರ್ಕಾರಕ್ಕೆ ವರ್ಷವರ್ಷವೂ ಶುಲ್ಕ ಕಟ್ಟುವ ಇಂಗ್ಲೆಂಡಿನ ಪದ್ಧತಿ ಅಲ್ಲಿ ಎಂದೂ ಬರಲಿಲ್ಲ. ಹಣ ಕೊಡುವವನು ವರ್ತಕನಾದುದರಿಂದ ಕತೆಗಳೂ ವರ್ತಕನ ಗಡಿಯಾರಕ್ಕೆ ತಕ್ಕಂತೆ ತುಂಡಾದವು. ಮಧ್ಯಾಹ್ನದ ಹೊತ್ತು ಗೃಹಿಣಿಯರಿಗಾಗಿ ರೇಡಿಯೋದಲ್ಲಿ ಬರುತ್ತಿದ್ದ ಧಾರಾವಾಹಿಗಳಿಗೆ ಸಾಬೂನಿನ ಕಂಪನಿಗಳು ಹಣ ಕೊಡುತ್ತಿದ್ದುದರಿಂದ ಅವುಗಳಿಗೆ ‘ಸೋಪ್ ಆಪೆರಾ’ ಎಂಬ ಹೆಸರೇ ಬಿದ್ದು, ಅದು ಟೆಲಿವಿಷನ್ನಿಗೂ ಅಂಟಿಕೊಂಡು ಬಂದಿತು. ಮುಂದಿನ ವಾರದ ಅಧ್ಯಾಯಕ್ಕಾಗಿ ಕಾಯುವ ವಾಚಕರಿಗೆ ಧಾರಾವಾಹಿಯ ರುಚಿ ಏನೆಂಬುದನ್ನು ಹೇಳಬೇಕಾದುದಿಲ್ಲ. ಕತೆಯು ನಿಲ್ಲುವ ಜಾಗದಲ್ಲಿ ಮನಸ್ಸು ತೆರೆದಿರುತ್ತದೆ. ತೆರೆದ ಬಾಗಿಲಿನಲ್ಲಿ ಸಾಬೂನು ಒಳಗೆ ಬರುತ್ತದೆ.

ಭಾರತದ ಟೆಲಿವಿಷನ್ ಹುಟ್ಟಿದ್ದು ಪಾಠಶಾಲೆಯಲ್ಲಿ ಎನ್ನಬಹುದು. ೧೯೫೯ರ ಸೆಪ್ಟೆಂಬರ್ ೧೫ರಂದು ದೆಹಲಿಯಲ್ಲಿ ಆಕಾಶವಾಣಿಯ ಒಂದು ಪ್ರಯೋಗವಾಗಿ ಅದು ಕಣ್ಣು ತೆರೆಯಿತು. ಶಾಲಾ ಮಕ್ಕಳ ಪಾಠಗಳು ಬಂದವು. ೧೯೬೭ರ ಜನವರಿ ೨೬ರಂದು ರೈತರಿಗಾಗಿ ‘ಕೃಷಿ ದರ್ಶನ’ ಆರಂಭವಾಯಿತು. ಹುಟ್ಟಿದಂದಿನಿಂದ ಹದಿನಾರು ವರ್ಷಗಳವರೆಗೆ ಆ ಪರದೆಯ ಮೇಲೆ ಯಾವ ಕಂಪನಿಯ ಸಾಬೂನೂ ನೊರೆ ಬಿಡಲಿಲ್ಲ. ಸರ್ಕಾರ ಹಣ ಕೊಡುತ್ತಿತ್ತು. ಆದುದರಿಂದ ಸರ್ಕಾರದ ಮಾತೇ ಹೆಚ್ಚಾಗಿ ಕೇಳುತ್ತಿತ್ತು. ವರ್ತಕನ ಪರದೆಗೆ ಒಂದು ದೋಷವಿದ್ದರೆ ಸರಕಾರದ ಪರದೆಗೆ ಇನ್ನೊಂದು.

ಬಳ್ಳಾರಿಯಿಂದ ಕುರುಗೋಡಿಗೆ ಸುಮಾರು ಮೂವತ್ತು ಕಿಲೋಮೀಟರು. ಕರಿಯ ಮಣ್ಣಿನ ಹೊಲಗಳ ನಡುವೆ ಮೆಣಸಿನಕಾಯಿ, ಹತ್ತಿಗಳ ಸಾಲು. ದೂರದಲ್ಲಿ ಗುಂಡುಕಲ್ಲುಗಳನ್ನು ರಾಶಿ ಹಾಕಿದಂಥ ಗುಡ್ಡಗಳು. ಈಗ ತಾಲ್ಲೂಕು ಕೇಂದ್ರವಾಗಿರುವ ಈ ಊರು ಒಂದು ಕಾಲದಲ್ಲಿ ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಸಿಂದ ಅರಸರ ನೆಲೆ. ಬೆಟ್ಟದ ಮೇಲೆ ಕೋಟೆಯ ಅವಶೇಷಗಳು, ಕೆಳಗೆ ಹಳೆಯ ಗುಡಿಗಳು. ಊರೊಳಗೆ ದೊಡ್ಡಬಸವೇಶ್ವರನ ದೇವಾಲಯ. ಒಂದೇ ಬಂಡೆಯಲ್ಲಿ ಕಡೆದ ಆ ಮಹಾನಂದಿಯ ಮುಂದೆ ನಿಂತವನು ತಲೆಯೆತ್ತಿಯೇ ನೋಡಬೇಕು. ಜಾತ್ರೆಯ ದಿನಗಳಲ್ಲಿ ಸುತ್ತಣ ಹಳ್ಳಿಗಳೆಲ್ಲ ಇಲ್ಲಿಗೆ ಬಂದು ಸೇರುತ್ತವೆ.

ಕುರುಗೋಡಿನಲ್ಲಿ ದೊರೆತ ೧೨ನೆಯ ಶತಮಾನದ ಶಾಸನಗಳು ಇತಿಹಾಸಜ್ಞರಿಗೆ ಸುಪರಿಚಿತವಾದವು. ಶಾಸನವೂ ಒಂದು ಪ್ರಕಟಣೆಯೇ. ಯಾರು ಯಾವ ಗುಡಿಗೆ ಭೂಮಿ ಬಿಟ್ಟರು, ನಂದಾದೀಪಕ್ಕೆ ಏನು ಕೊಟ್ಟರು ಎಂಬುದನ್ನು ಎಲ್ಲರೂ ಕಾಣುವ ಜಾಗದಲ್ಲಿ ಕಲ್ಲಿನ ಮೇಲೆ ಬರೆಸುವುದು ಅಂದಿನ ಪದ್ಧತಿ. ದಾನಿಯ ಹೆಸರು, ವಂಶ, ಬಿರುದು ಎಲ್ಲವೂ ವಿಸ್ತಾರವಾಗಿ ಬರುತ್ತವೆ; ಕೀರ್ತಿಯ ಆಸೆ ಅಂದಿನವರಿಗೂ ಇದ್ದಿತು. ಇಂದಿನ ಕಾರ್ಯಕ್ರಮಕ್ಕೆ ಮುಂಚೆ ಪ್ರಾಯೋಜಕರ ಹೆಸರು ಬರುವುದಕ್ಕೂ ಇದಕ್ಕೂ ಮೇಲುನೋಟಕ್ಕೆ ಹೋಲಿಕೆಯುಂಟು. ಆದರೆ ಒಂದು ಮಾತಿನಲ್ಲಿ ಎರಡೂ ಬೇರೆ. ಶಾಸನವು ಓದುವವನಿಂದ ದಾನವನ್ನು ಕಾಪಾಡುವ ಮಾತನ್ನು ಕೇಳುತ್ತದೆ; ಕೆಡಿಸಿದವನಿಗೆ ಶಾಪ ಹಾಕುತ್ತದೆ. ಏನನ್ನಾದರೂ ಕೊಳ್ಳೆಂದು ಹೇಳುವುದಿಲ್ಲ.

ಈ ಸೀಮೆಗೆ ಪರದೆಯೂ ಹೊಸದಲ್ಲ. ತೊಗಲುಗೊಂಬೆಯಾಟದವರು ಬಿಳಿಯ ಬಟ್ಟೆ ಕಟ್ಟಿ, ಹಿಂದೆ ದೀಪವಿಟ್ಟು, ಬಣ್ಣದ ನೆರಳುಗಳಿಂದ ರಾಮಾಯಣವನ್ನು ತೋರಿಸುತ್ತಿದ್ದ ನಾಡು ಇದು. ೨೦೨೩ರಲ್ಲಿ ನಿಧನರಾದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಆ ಪರದೆಯ ಮೇಲೆ ರಾಮನನ್ನು ಮಾತ್ರವಲ್ಲದೆ ಮಹಾತ್ಮಾ ಗಾಂಧಿಯವರನ್ನೂ ಸ್ವಾತಂತ್ರ್ಯ ಸಂಗ್ರಾಮವನ್ನೂ ತಂದು ನಿಲ್ಲಿಸಿದರು. ಮಳೆ ಬಾರದಿದ್ದಾಗ, ಸುಗ್ಗಿ ಮುಗಿದಾಗ ಊರವರು ಕೂಡಿ ಕಾಳು, ಹಣ ಹಾಕಿ ಆಟ ಆಡಿಸುತ್ತಿದ್ದರು. ಹಣ ಕೊಟ್ಟವರೇ ಮುಂದೆ ಕುಳಿತು ನೋಡುತ್ತಿದ್ದರು. ಆಟ ಸೊಗಸಾಗದಿದ್ದರೆ ಅಲ್ಲಿಯೇ ಹೇಳುತ್ತಿದ್ದರು. ನೋಡುವವನೂ ಹಣ ಕೊಡುವವನೂ ಒಬ್ಬನೇ ಆಗಿದ್ದ ಪರದೆ ಅದು.

ಕುರುಗೋಡನ್ನು ಬಿಟ್ಟು ಉತ್ತರಕ್ಕೆ ಸಾಗಿದಂತೆ ನೆಲದ ಬಣ್ಣ ಬದಲಾಗುತ್ತದೆ. ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಮುಗಿದ ಮೇಲೆ ಕಾಲುವೆಯ ನೀರು ಹರಿದು, ಸಿರುಗುಪ್ಪದ ಸೀಮೆ ಬತ್ತದ ಕಣಜವಾಯಿತು. ರಸ್ತೆಯ ಬದಿಗೆ ಅಕ್ಕಿಯ ಗಿರಣಿಗಳು. ಗದ್ದೆಗಳ ನಡುವೆ ಆಂಧ್ರದಿಂದ ಬಂದು ನೆಲೆಸಿದ ರೈತರ ‘ಕ್ಯಾಂಪು’ಗಳು. ಸಂಜೆ ಹೋಟಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತ ಕುಳಿತವರ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ತೊಡಗಿತೆಂಬುದು ಪರಊರಿನವನಿಗೆ ತಿಳಿಯದು. ಊರಿನ ಆಚೆಗೆ ನದಿ. ನದಿಯ ಆ ದಡ ರಾಯಚೂರು ಜಿಲ್ಲೆ. ಪೂರ್ವಕ್ಕೆ ಹೋದರೆ ಆಂಧ್ರದ ಕರ್ನೂಲು ಜಿಲ್ಲೆ.

ಈ ಎರಡು ನೆರೆಯ ಜಿಲ್ಲೆಗಳಿಗೆ ೧೯೭೫ರ ಆಗಸ್ಟ್ ೧ರಂದು ಆಕಾಶದಿಂದ ಒಬ್ಬ ಅತಿಥಿ ಬಂದ. ಅಮೆರಿಕದ ನಾಸಾ ಸಂಸ್ಥೆ ತನ್ನ ಎ.ಟಿ.ಎಸ್.-೬ ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಎರವಲು ಕೊಟ್ಟಿತ್ತು. ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿ ನಿಂತ ಆ ಉಪಗ್ರಹವು ಭಾರತದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ನೇರವಾಗಿ ಚಿತ್ರಗಳನ್ನು ಕಳುಹಿಸಿತು. ‘ಸೈಟ್’ ಎಂದು ಪ್ರಸಿದ್ಧವಾದ ಈ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ಕೆಯಾದುದು ವಿಜಾಪುರ, ಗುಲಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಆಂಧ್ರದಲ್ಲಿ ಆಯ್ಕೆಯಾದ ಜಿಲ್ಲೆಗಳಲ್ಲಿ ಕರ್ನೂಲು ಒಂದು. ಬಳ್ಳಾರಿ ಜಿಲ್ಲೆ ಆ ಪಟ್ಟಿಯಲ್ಲಿರಲಿಲ್ಲ. ಹೀಗಾಗಿ ಸಿರುಗುಪ್ಪವು ಎರಡೂ ಕಡೆ ಟೆಲಿವಿಷನ್ನನ್ನು ಇಟ್ಟುಕೊಂಡು ನಡುವೆ ತಾನು ಕತ್ತಲಲ್ಲಿ ಉಳಿದ ಸೀಮೆಯಾಯಿತು.

ಆಯ್ಕೆಯಾದ ಹಳ್ಳಿಗಳ ಶಾಲೆಯ ಮೇಲೋ ಪಂಚಾಯಿತಿ ಕಟ್ಟಡದ ಬಳಿಯೋ ಕೋಳಿಗೂಡಿನ ತಂತಿಬಲೆಯಂಥ ಜಾಳಿಗೆಯಿಂದ ಮಾಡಿದ, ಹತ್ತು ಅಡಿ ಅಗಲದ ಛತ್ರಿಯಾಕಾರದ ಆಂಟೆನಾ ನಿಂತಿತು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. ಹಿಂದಿ, ಒಡಿಯಾ, ತೆಲುಗು, ಕನ್ನಡ – ಈ ನಾಲ್ಕು ಭಾಷೆಗಳು. ತೆಲುಗು ಮತ್ತು ಕನ್ನಡದವರಿಗೆ ಚಿತ್ರ ಒಂದೇ, ಧ್ವನಿ ಮಾತ್ರ ಎರಡು. ಬಳ್ಳಾರಿಯ ಪೇಟೆಯ ಸ್ವಭಾವವನ್ನೇ ವಿಜ್ಞಾನಿಗಳು ಆಕಾಶಕ್ಕೇರಿಸಿದಂತಿತ್ತು. ಕಾರ್ಯಕ್ರಮಗಳಲ್ಲಿ ಬೇಸಾಯವಿತ್ತು, ಆರೋಗ್ಯವಿತ್ತು, ಹಾಡು ಕುಣಿತವೂ ಇತ್ತು. ಜಾಹೀರಾತು ಇರಲಿಲ್ಲ. ಜಾಹೀರಾತಿನಿಂದಲೇ ಬದುಕುವ ಟೆಲಿವಿಷನ್ನಿನ ದೇಶವು ಕಳುಹಿಸಿದ ಉಪಗ್ರಹದಿಂದ, ಜಾಹೀರಾತಿನ ಸೋಂಕೇ ಇಲ್ಲದ ಟೆಲಿವಿಷನ್ ರಾಯಚೂರಿನ ಹಳ್ಳಿಗೆ ಬಂದಿತು! ಅದೇ ಉಪಗ್ರಹವು ಭಾರತಕ್ಕೆ ಬರುವ ಮುನ್ನ ಅಮೆರಿಕದ ಅಪಲೇಚಿಯ ಬೆಟ್ಟಗಳ, ಅಲಾಸ್ಕದ ಹಿಮಪ್ರದೇಶದ ದೂರದ ಊರುಗಳಿಗೆ ಪಾಠವನ್ನೂ ವೈದ್ಯಕೀಯ ಸಲಹೆಯನ್ನೂ ಒದಗಿಸಿತ್ತು. ಪೇಟೆಯಿಂದ ದೂರವಿರುವ ಮನುಷ್ಯ ವರ್ತಕನ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಅವನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಬೇರೆ ಯಾರಾದರೂ ಹಣ ಕೊಡಬೇಕಾಗುತ್ತದೆ. ಈ ಮಾತು ಎರಡೂ ದೇಶಗಳಿಗೆ ಸಮವೆಂಬುದನ್ನು ಆ ಉಪಗ್ರಹ ತೋರಿಸಿಕೊಟ್ಟಿತು.

ವರ್ಷ ತುಂಬುತ್ತಲೇ, ೧೯೭೬ರ ಜುಲೈ ೩೧ರಂದು, ಪ್ರಯೋಗ ಮುಗಿಯಿತು. ಅತಿಥಿ ತನ್ನ ನಾಡಿನತ್ತ ಮರಳಿದ. ಆದರೆ ಆ ವರ್ಷದ ನಡುವೆಯೇ ಇನ್ನೊಂದು ಸಂಗತಿ ನಡೆದುಹೋಗಿತ್ತು. ೧೯೭೬ರ ಜನವರಿ ೧ರಂದು ಭಾರತದ ನಗರಗಳ ಟೆಲಿವಿಷನ್ ಜಾಹೀರಾತುಗಳಿಗೆ ಬಾಗಿಲು ತೆರೆಯಿತು. ಹಳ್ಳಿಗೆ ಪಾಠ, ನಗರಕ್ಕೆ ಪೇಟೆ – ಎರಡು ದಾರಿಗಳೂ ಒಂದೇ ವರ್ಷದಲ್ಲಿ ಕೂಡಿ ನಿಂತಿದ್ದವು. ಮುಂದೆ ಯಾವ ದಾರಿ ಅಗಲವಾಯಿತೆಂಬುದು ಎಲ್ಲರೂ ಬಲ್ಲ ವಿಷಯ.

ಬೆಂಗಳೂರಿನ ದೂರದರ್ಶನ ಕೇಂದ್ರ ೧೯೮೧ರ ನವೆಂಬರ್ ೧ರಂದು ಆರಂಭವಾಯಿತು. ೧೯೮೨ರಲ್ಲಿ ಬಣ್ಣ ಬಂದಿತು. ೧೯೮೪ರಲ್ಲಿ ‘ಹಮ್ ಲೋಗ್’ ಎಂಬ ಹಿಂದಿ ಧಾರಾವಾಹಿ ಬಂದಿತು. ಕುಟುಂಬಯೋಜನೆಯನ್ನೂ ಸ್ತ್ರೀಯರ ಸ್ಥಾನಮಾನವನ್ನೂ ಬೋಧಿಸಬೇಕೆಂದು ಹೊರಟ ಆ ಕತೆಗೆ ಪ್ರಾಯೋಜಕತ್ವ ಕೊಟ್ಟದ್ದು ಮ್ಯಾಗಿ ಶಾವಿಗೆಯ ಕಂಪನಿ. ನೀತಿ ಎಷ್ಟು ಮನೆಗಳಲ್ಲಿ ಉಳಿಯಿತೋ, ಶಾವಿಗೆಯಂತೂ ಅಡಿಗೆಮನೆಯಲ್ಲಿ ಉಳಿಯಿತು. ೧೯೮೭–೮೮ರಲ್ಲಿ ಭಾನುವಾರದ ಬೆಳಗ್ಗೆ ‘ರಾಮಾಯಣ’ ಬರುವಾಗ ಊರೂರುಗಳ ಬೀದಿಗಳು ಬರಿದಾಗುತ್ತಿದ್ದವು. ತೊಗಲುಗೊಂಬೆಯ ರಾಮನಿಗೆ ಊರು ಹಣ ಕೊಟ್ಟಿತ್ತು, ಈ ರಾಮನಿಗೆ ಸಾಬೂನು, ಹಲ್ಲುಪುಡಿಗಳು ಹಣ ಕೊಟ್ಟವು. ಅಂಚೆ ಕಚೇರಿಯಲ್ಲಿ ಕಟ್ಟುತ್ತಿದ್ದ ಟೆಲಿವಿಷನ್ ಪರವಾನಗಿ ಶುಲ್ಕವೂ ಅದೇ ದಶಕದಲ್ಲಿ ರದ್ದಾಯಿತು. ಪ್ರೇಕ್ಷಕನಿಗೆ ಹೊರೆ ತಗ್ಗಿತು; ‘ನನ್ನ ಹಣ’ ಎಂದು ಕೇಳುವ ಅಧಿಕಾರವೂ ಅದರೊಡನೆ ತಗ್ಗಿತು. ೧೯೯೪ರಲ್ಲಿ ‘ಉದಯ’ ಬಂದ ಮೇಲೆ ಕನ್ನಡದಲ್ಲಿಯೂ ಖಾಸಗಿ ವಾಹಿನಿಗಳ ಯುಗ ತೊಡಗಿತು. ಮುಂಬಯಿಯಲ್ಲಿ ಹಿಂದಿಯಲ್ಲಿ ತುಟಿಯಾಡಿಸಿದ ತಾಯಂದಿರು ಸಿರುಗುಪ್ಪದ ಮನೆಗಳಲ್ಲಿ ಒಂದು ವಾಹಿನಿಯಲ್ಲಿ ಕನ್ನಡವನ್ನೂ ಇನ್ನೊಂದರಲ್ಲಿ ತೆಲುಗನ್ನೂ ಮಾತನಾಡುತ್ತಾರೆ; ತುಟಿಗೂ ಮಾತಿಗೂ ಹೊಂದಾಣಿಕೆಯಿಲ್ಲದಿದ್ದರೂ ಬಟ್ಟೆ ಮಾತ್ರ ಎರಡರಲ್ಲಿಯೂ ಅಷ್ಟೇ ಬೆಳ್ಳಗಿರುತ್ತದೆ.

ಹಾಗಾದರೆ ಇಂದು ಎರಡು ದೇಶಗಳ ಪರದೆಗಳೂ ಒಂದೇ ಆದುವೆ? ಕೆಲವು ವ್ಯತ್ಯಾಸಗಳು ಇನ್ನೂ ಉಳಿದಿವೆ. ಅಮೆರಿಕದಲ್ಲಿ ಪ್ರಸಾರಕರು ತಾವಾಗಿಯೇ ಜಾಹೀರಾತಿನ ಕಾಲಕ್ಕೆ ಹಾಕಿಕೊಂಡಿದ್ದ ಮಿತಿ ೧೯೮೨ರಲ್ಲಿ ಹೋಯಿತು. ಮಕ್ಕಳ ಕಾರ್ಯಕ್ರಮಗಳಿಗೆ ಮಾತ್ರ ೧೯೯೦ರ ಕಾಯಿದೆ ಒಂದು ಎಲ್ಲೆಯನ್ನು ಹಾಕಿತು. ಭಾರತದ ನಿಯಮವು ಗಂಟೆಗೆ ೧೨ ನಿಮಿಷಗಳಿಗಿಂತ ಹೆಚ್ಚು ಜಾಹೀರಾತು ಕೂಡದೆನ್ನುತ್ತದೆ. ಅದರ ಜಾರಿ ನ್ಯಾಯಾಲಯದ ವ್ಯಾಜ್ಯಕ್ಕೆ ಸಿಲುಕಿತು. ವೈದ್ಯರ ಚೀಟಿ ಬೇಕಾದ ಔಷಧಗಳನ್ನೂ ಅಮೆರಿಕದಲ್ಲಿ ಟೆಲಿವಿಷನ್ನಿನಲ್ಲಿ ಸಾರುತ್ತಾರೆ. ಭಾರತದಲ್ಲಿ ಅದಕ್ಕೆ ಅವಕಾಶವಿಲ್ಲ. ಮಧುಮೇಹ, ಕ್ಯಾನ್ಸರುಗಳನ್ನು ಗುಣಪಡಿಸುತ್ತೇವೆಂದು ಸಾರುವುದನ್ನು ೧೯೫೪ರ ಕಾಯಿದೆಯೇ ನಿಷೇಧಿಸಿದೆ. ಅಮೆರಿಕದಲ್ಲಿ ಮದ್ಯವು ತನ್ನ ಹೆಸರಿನಿಂದಲೇ ಪರದೆಗೆ ಬರುತ್ತದೆ. ಭಾರತದಲ್ಲಿ ಅದು ಸೋಡಾ ನೀರಿನ ವೇಷ ಧರಿಸಿ ಬರುವುದನ್ನು ಮನೆಯ ಮಕ್ಕಳೂ ಬಲ್ಲರು.

ಚುನಾವಣೆಯ ವಿಷಯದಲ್ಲಿ ಬಳ್ಳಾರಿಗೇ ಒಂದು ನೆನಪುಂಟು. ೧೯೯೯ರ ಲೋಕಸಭಾ ಚುನಾವಣೆಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಇಲ್ಲಿ ಎದುರುಬದುರಾದಾಗ ದೇಶದ ಕ್ಯಾಮೆರಾಗಳೆಲ್ಲ ಬೆಟ್ಟದ ಕೆಳಗೆ ಬಂದು ನಿಂತವು. ಸುಷ್ಮಾ ಸ್ವರಾಜರು ಕನ್ನಡ ಕಲಿತು ಭಾಷಣ ಮಾಡಿದರು. ಸೋನಿಯಾ ಗಾಂಧಿಯವರು ೫೬,೦೦೦ಕ್ಕೂ ಅಧಿಕ ಮತಗಳ ಅಂತರದಿಂದ ಗೆದ್ದರು. ಆ ಕಾಲಕ್ಕೆ ಭಾರತದ ಟೆಲಿವಿಷನ್ನಿನಲ್ಲಿ ರಾಜಕೀಯ ಜಾಹೀರಾತಿಗೆ ನಿಷೇಧವಿತ್ತು. ಅಮೆರಿಕದಲ್ಲಿ ೧೯೫೨ರಿಂದಲೇ ಅಧ್ಯಕ್ಷ ಪದವಿಯ ಅಭ್ಯರ್ಥಿಗಳು ಸಾಬೂನಿನಂತೆ ಪರದೆಯ ಕಾಲವನ್ನು ಕೊಳ್ಳುತ್ತಿದ್ದರು. ೨೦೦೪ರಲ್ಲಿ ಸುಪ್ರೀಂ ಕೋರ್ಟು, ಮೊದಲೇ ಪರಿಶೀಲಿಸಿ ಪ್ರಮಾಣಪತ್ರ ಪಡೆಯಬೇಕೆಂಬ ಷರತ್ತಿನೊಡನೆ, ಭಾರತದಲ್ಲಿಯೂ ಆ ದಾರಿಯನ್ನು ತೆರೆಯಿತು. ಕನ್ನಡ ಕಲಿತು ಬಂದು ಮತ ಕೇಳುವುದಕ್ಕೂ, ಧ್ವನಿ ಬದಲಿಸಿದ ಜಾಹೀರಾತಿನಿಂದ ಕೇಳುವುದಕ್ಕೂ ಇರುವ ಅಂತರವನ್ನು ಬಳ್ಳಾರಿಯ ಮತದಾರ ಬಲ್ಲ.

ಪೇಟೆಯಲ್ಲಿ ಹುಟ್ಟಿದ ಅಮೆರಿಕದ ಟೆಲಿವಿಷನ್ನಿಗೆ ಪಾಠಶಾಲೆಯ ನೆನಪಾದುದು ತಡವಾಗಿ. ೧೯೬೧ರಲ್ಲಿ ಅಲ್ಲಿಯ ಪ್ರಸಾರ ನಿಯಂತ್ರಣ ಮಂಡಲಿಯ ಅಧ್ಯಕ್ಷ ನ್ಯೂಟನ್ ಮಿನೊ ಅವರು ಪ್ರಸಾರಕರ ಸಭೆಯಲ್ಲಿಯೇ ಟೆಲಿವಿಷನ್ನನ್ನು ವಿಶಾಲವಾದ ಬಂಜರುಭೂಮಿಯೆಂದು ಕರೆದರು. ೧೯೬೭ರ ಕಾಯಿದೆಯಿಂದ ಸಾರ್ವಜನಿಕ ಪ್ರಸಾರಕ್ಕೆ ಸರ್ಕಾರದ ಹಣ ದೊರೆಯತೊಡಗಿತು. ಆ ಹಣವನ್ನು ಅಮೆರಿಕದ ಕಾಂಗ್ರೆಸ್ಸು ೨೦೨೫ರಲ್ಲಿ ಹಿಂದಕ್ಕೆ ಪಡೆಯಿತು. ಪಾಠಶಾಲೆಯಲ್ಲಿ ಹುಟ್ಟಿದ ಭಾರತದ ಟೆಲಿವಿಷನ್ನು ಪೇಟೆಗೆ ಹೋಗಿ ಕುಳಿತಿತು. ಆದರೂ ಪಾಠಶಾಲೆ ಪೂರ್ತಿ ಮುಚ್ಚಿಹೋಗಿಲ್ಲ. ೨೦೦೨ರಲ್ಲಿ ಆರಂಭವಾಗಿ ಸಾವಿರಾರು ಕಂತುಗಳನ್ನು ಕಂಡ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ಕಾರ್ಯಕ್ರಮದಲ್ಲಿ, ಸರಿಯುತ್ತರಕ್ಕೆ ಬಹುಮಾನವಾಗಿ ಕೊಟ್ಟುದು ಕನ್ನಡ ಪುಸ್ತಕ. ಹಣದ ಕಂತೆಯನ್ನು ಕುಲುಕಿ ತೋರಿಸುವ ಸ್ಪರ್ಧೆಗಳ ನಡುವೆ ಪುಸ್ತಕವನ್ನು ನೀಡುವ ಒಂದು ಕಾರ್ಯಕ್ರಮ ಇಷ್ಟು ದೀರ್ಘಕಾಲ ಬಾಳಿದುದು ಸಣ್ಣ ಮಾತಲ್ಲ.

ಸಿರುಗುಪ್ಪದ ಬತ್ತದ ರೈತನಿಗೆ ಇದರಿಂದ ಏನಾಗಬೇಕು ಎಂದು ಕೇಳಬಹುದು. ಆಗಬೇಕಾದುದು ಬಹಳವಿದೆ. ಜಾಹೀರಾತಿನ ಪರದೆ ಅವನನ್ನು ಚೆನ್ನಾಗಿಯೇ ಬಲ್ಲದು. ಆದರೆ ಕೊಳ್ಳುವವನಾಗಿ ಮಾತ್ರ. ಮೋಟಾರು ಸೈಕಲ್ಲು, ಬಣ್ಣ, ಕೀಟನಾಶಕ, ಮಗಳ ಮದುವೆಯ ಚಿನ್ನ – ಇವನ್ನೆಲ್ಲ ಅವನಿಗೆ ನೆನಪಿಸುತ್ತದೆ. ಬೆಳೆಯುವವನಾಗಿ, ಮಾರುವವನಾಗಿ ಅವನಿಗೆ ಬೇಕಾದುದು ಬೇರೆ: ಕಾಲುವೆಗೆ ನೀರು ಎಂದು, ಬತ್ತಕ್ಕೆ ಬೆಲೆ ಎಷ್ಟು, ಎಲೆಯ ಮೇಲಿನ ಚುಕ್ಕೆಗೆ ಮದ್ದೇನು, ಅದರ ಪ್ರಮಾಣ ಎಷ್ಟು. ಈ ಮಾತುಗಳಿಗೆ ಹಣ ಕೊಡುವ ಕಂಪನಿ ಇಲ್ಲ. ಕೀಟನಾಶಕದ ಕಂಪನಿ ಹೇಳುವುದು ತನ್ನ ಮದ್ದಿನ ಹೆಸರನ್ನು ಮಾತ್ರ. ಬಳ್ಳಾರಿಯ ದರ್ಜಿಗೂ ಇದೇ ಗತಿ. ಅವನು ಹೊಲಿದ ಬಟ್ಟೆ ಹೊರಗೆ ಹೋಗುತ್ತದೆ, ಅವನ ಕಷ್ಟಸುಖದ ಕತೆ ಒಳಗೇ ಉಳಿಯುತ್ತದೆ. ನಗರದ ಸಂಸಾರಗಳಿಗೂ ಈ ವಿಚಾರ ದೂರದ್ದಲ್ಲ. ಉಚಿತವೆಂದು ಕಾಣುವ ಚಿತ್ರಕ್ಕೆ ಕೊನೆಗೆ ಬೆಲೆ ತೆರುವುದು ಅಂಗಡಿಯಲ್ಲಿ, ಸಾಬೂನಿನ ಪೊಟ್ಟಣದ ಮೇಲೆ. ಹೇಗೂ ತೆರುವ ಹಣದಲ್ಲಿ ಒಂದು ಪಾಲು ದಿನಕ್ಕೆ ಒಂದು ಗಂಟೆಯಾದರೂ ಮಾರಾಟವಿಲ್ಲದ ಪರದೆಗೆ ಸಲ್ಲಲಿ ಎಂದು ಕೇಳುವುದು ಅತಿಯಾಸೆಯೆನಿಸದು.

ಸಂಜೆಯ ಹೊತ್ತಿಗೆ ತುಂಗಭದ್ರೆಯ ದಡದಿಂದ ಹಿಂತಿರುಗಿ ನೋಡಿದರೆ, ಸಿರುಗುಪ್ಪದ ಮಾಳಿಗೆಗಳ ಮೇಲೆ ಸಣ್ಣ ಸಣ್ಣ ತಟ್ಟೆಯಾಕಾರದ ಆಂಟೆನಾಗಳು ಕಾಣುತ್ತವೆ. ಐವತ್ತು ವರ್ಷಗಳ ಹಿಂದೆ ಆಚೆಯ ಜಿಲ್ಲೆಯಲ್ಲಿ ಇಡೀ ಹಳ್ಳಿಗೊಂದರಂತೆ ನಿಂತಿದ್ದ ಹತ್ತಡಿಯ ಜಾಳಿಗೆ, ಈಗ ಮನೆಗೊಂದು ಊಟದ ತಟ್ಟೆಯಷ್ಟಾಗಿದೆ. ಅಂದು ಎಲ್ಲರೂ ಒಂದೆಡೆ ಕುಳಿತು ಒಂದು ಪರದೆಯನ್ನು ನೋಡಿ, ಅದರ ಮೇಲೆ ಜಗಳವನ್ನೂ ಆಡಬಹುದಾಗಿತ್ತು. ಇಂದು ಪ್ರತಿ ಮನೆಯಲ್ಲಿಯೂ ಬೇರೆ ಬೇರೆ ವಾಹಿನಿ, ಬೇರೆ ಬೇರೆ ನುಡಿ. ಗಿರಣಿಯ ಕೆಲಸ ಮುಗಿಸಿ ಬಂದವನು ಕಾಲು ತೊಳೆದು ಗುಂಡಿ ಒತ್ತುತ್ತಾನೆ, ಧಾರಾವಾಹಿ ತೊಡಗುತ್ತದೆ. ನಡುವೆ ಜಾಹೀರಾತು ಬಂದಾಗ ಅವನ ಹೆಂಡತಿ ಎದ್ದು ಅನ್ನಕ್ಕೆ ಎಸರಿಡುತ್ತಾಳೆ. ಅಕ್ಕಿ ಆ ಊರಿನದೇ. ಅದಕ್ಕೆ ಜಾಹೀರಾತು ಬೇಕಾಗಿಲ್ಲ.